ನರ್ಸ್ ಹಾಸಿಗೆ ಹಿಡಿದಾಗ ನಾವು ಎಲ್ಲಿರುತ್ತೇವೆ?

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನರ್ಸ್‌ಗಳು. ಉಳಿದವರು ನರ್ಸ್‌ಗಳ ಗಂಡಂದಿರು, ಹೆಂಡತಿಯರು, ಮಕ್ಕಳು. ಹಾಗಾಗಿ ಸುತ್ತಿ ಬಳಸದೆ ಶುರು ಮಾಡುತ್ತೇನೆ.

ನಮ್ಮವರು ಯಾರಾದರೂ ಇಲ್ಲಿ ತೀರಿಕೊಂಡರೆ ನಮ್ಮ ಜನ ಎಷ್ಟು ಚುರುಕಾಗಿ ಎದ್ದು ನಿಲ್ಲುತ್ತಾರೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾತ್ರೋರಾತ್ರಿ ವಾಟ್ಸಾಪ್ ಗುಂಪು ಹುಟ್ಟುತ್ತದೆ. ಬೆಳಗಾಗುವುದರೊಳಗೆ ಹಣ ಸೇರುತ್ತದೆ. ಹೈಕಮಿಷನ್‌ಗೆ ಯಾರು ಹೋಗಬೇಕು, ಪೆಟ್ಟಿಗೆಯ ಜೊತೆ ವಿಮಾನದಲ್ಲಿ ಯಾರು ಹೋಗಬೇಕು, ಊರಲ್ಲಿ ಆಂಬುಲೆನ್ಸ್ ಯಾರು ನೋಡಿಕೊಳ್ಳಬೇಕು, ಎಲ್ಲವೂ ಒಂದೆರಡು ದಿನದಲ್ಲಿ ತೀರ್ಮಾನವಾಗುತ್ತದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಆದರೆ ಅದೇ ಮನುಷ್ಯ ಅದಕ್ಕೂ ಮುಂಚೆ ಎಷ್ಟೋ ತಿಂಗಳು ಬಾಡಿಗೆ ಮನೆಯ ಮಹಡಿ ಕೋಣೆಯಲ್ಲಿ ನೋವು ತಿನ್ನುತ್ತಾ ಮಲಗಿದ್ದಾಗ ಆ ಗುಂಪು ಇರಲಿಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ತಿಂಗಳುಗಳ ಬಗ್ಗೆ.

ನನ್ನ ಪರಿಚಯ ಚಿಕ್ಕದು. ಮಂಗಳೂರಿನಲ್ಲಿ ನರ್ಸಿಂಗ್ ಓದಿದೆ, ಬೆಂಗಳೂರಿನಲ್ಲಿ ಕೆಲಸ ಮಾಡಿದೆ, ಆಮೇಲೆ ಇಲ್ಲಿಗೆ ಬಂದೆ. ಕ್ಯಾನ್ಸರ್ ವಾರ್ಡಿನಲ್ಲಿದ್ದು ಈಗ ಹಾಸ್ಪೈಸ್‌ನಲ್ಲಿದ್ದೇನೆ. ವಾಸಿಯಾಗದ ಕಾಯಿಲೆಯವರು ಕೊನೆಯ ದಿನಗಳನ್ನು ಕಳೆಯುವ ಜಾಗ.

ಹಾಸ್ಪೈಸ್ ಅಂದ ತಕ್ಷಣ ನಮ್ಮವರು ಅದು ಬಿಳಿಯರಿಗೆ, ದುಡ್ಡಿರುವವರಿಗೆ ಅಂದುಕೊಳ್ಳುತ್ತಾರೆ. ಅದರ ಹುಟ್ಟಿನ ಕಥೆಯನ್ನೇ ಕೇಳಿ. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ತಾಸ್ಮಾ ಎಂಬ ಮನುಷ್ಯ ಮಲಗಿದ್ದ. ಪೋಲೆಂಡಿನ ವಾರ್ಸಾದಿಂದ ಬಂದ ಯಹೂದಿ. ಹೋಟೆಲಿನಲ್ಲಿ ಮಾಣಿಯಾಗಿದ್ದ. ವಯಸ್ಸು ನಲವತ್ತು, ಆಪರೇಷನ್ ಮಾಡಲಾಗದ ಕ್ಯಾನ್ಸರ್. ತನ್ನವರು ಅಂತ ಹತ್ತಿರದಲ್ಲಿ ಯಾರೂ ಇಲ್ಲ. ಅವನ ಪಕ್ಕ ಕೂತು ಮಾತಾಡುತ್ತಿದ್ದವರು ಸಿಸಿಲಿ ಸಾಂಡರ್ಸ್. ಅವರು ನರ್ಸ್ ಆಗಿ ತರಬೇತಿ ಪಡೆದವರು. ಬೆನ್ನು ನೋವಿನಿಂದ ಆ ಕೆಲಸ ಬಿಟ್ಟು, ಆಗ ಆಸ್ಪತ್ರೆಯಲ್ಲೇ ರೋಗಿಗಳ ಮನೆ ಕಷ್ಟಸುಖ ನೋಡುವ ಕೆಲಸದಲ್ಲಿದ್ದರು. ಸಾಯುವವರಿಗೆ ಒಂದು ಜಾಗ ಹೇಗಿರಬೇಕು ಅಂತ ಇಬ್ಬರೂ ಮಾತಾಡಿಕೊಂಡರು. ತಾಸ್ಮಾ ಸಾಯುವಾಗ ಅವರಿಗೆ 500 ಪೌಂಡ್ ಬಿಟ್ಟುಹೋದ. ನಿನ್ನ ಮನೆಯಲ್ಲಿ ನಾನು ಒಂದು ಕಿಟಕಿಯಾಗಿರುತ್ತೇನೆ ಅಂದ. ಸಾಂಡರ್ಸ್ ಆಮೇಲೆ ಡಾಕ್ಟರ್ ಓದಿದರು. 1967ರಲ್ಲಿ ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಇವತ್ತು ಜಗತ್ತಿನಲ್ಲಿ ಎಲ್ಲಿ ಹೋದರೂ ಇರುವ ಹಾಸ್ಪೈಸ್‌ಗಳಿಗೆ ಅದೇ ದಾರಿ ತೋರಿಸಿತು.

ಅಂದರೆ ಇದೆಲ್ಲ ಶುರುವಾಗಿದ್ದು ಹೊರದೇಶದಿಂದ ಬಂದು ಒಂಟಿಯಾಗಿ ಸಾಯುತ್ತಿದ್ದ ಒಬ್ಬ ಮನುಷ್ಯ ಮತ್ತು ನರ್ಸ್ ಆಗಿದ್ದ ಒಬ್ಬ ಹೆಂಗಸಿನಿಂದ. ಆ ಮನೆಯಲ್ಲಿ ನಮಗೆ ಜಾಗ ಇಲ್ಲ ಅಂತ ಹೇಗೆ ಅಂದುಕೊಳ್ಳೋಣ?

ಈಗ ನಮ್ಮ ಕಾಲಕ್ಕೆ ಬರೋಣ. ಬ್ರಿಟನ್ನಿನಲ್ಲಿ ನೋಂದಾಯಿಸಿಕೊಂಡಿರುವ ನರ್ಸ್‌ಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹೊರದೇಶದಲ್ಲಿ ಓದಿ ಬಂದವರು. ಈಚಿನ ವರ್ಷಗಳಲ್ಲಿ ಹೊಸದಾಗಿ ಬಂದವರಲ್ಲಿ ಭಾರತದವರೇ ಜಾಸ್ತಿ. ಬಂದವರಲ್ಲಿ ಬಹಳ ಜನ ಇಪ್ಪತ್ತು, ಮೂವತ್ತರ ಹರೆಯದವರು. ಇಷ್ಟು ಜನ ಇರುವಲ್ಲಿ ಕ್ಯಾನ್ಸರ್, ನರಗಳ ಕಾಯಿಲೆ, ಕಿಡ್ನಿ, ಲಿವರ್ ಕಾಯಿಲೆ ಬರುವುದು ಲೆಕ್ಕದ ಮಾತು. ನಾವು ಅದಕ್ಕೆ ತಯಾರಾಗಿಲ್ಲ ಅಷ್ಟೇ.

ನನಗೆ ಹತ್ತಿರವಾಗಿದ್ದ ಸಿಸ್ಟರ್ ಒಬ್ಬರ ಬಗ್ಗೆ ಹೇಳುತ್ತೇನೆ. ಮನೆಯವರ ಒಪ್ಪಿಗೆ ಇದೆ, ಆದರೂ ಹೆಸರು, ಊರು ಬೇಡ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಗೊತ್ತಾಗುವಾಗಲೇ ಲಿವರ್‌ಗೆ ಹರಡಿತ್ತು. ಗಂಡ ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ. ಮಗಳು ಚಿಕ್ಕವಳು. ಅವರು ಈ ವಿಷಯವನ್ನು ಕೆಲಸದ ಜಾಗದಲ್ಲಿ ಹೇಳಲೇ ಇಲ್ಲ. ಗ್ಯಾಸ್ಟ್ರಿಕ್ ಅಂದರು. ಕೀಮೋ ಆದ ವಾರದಲ್ಲೂ ಹನ್ನೆರಡು ಗಂಟೆಯ ಪಾಳಿಗೆ ಹೋದರು. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ವೀಸಾ ಹೋಗತ್ತೆ ಅಕ್ಕಾ."

ಈ ಭಯ ಎಷ್ಟು ಜನರನ್ನು ತಿನ್ನುತ್ತಿದೆ ಅಂತ ನಿಮಗೆ ಗೊತ್ತು. ನಮ್ಮ ವೀಸಾ ಕೆಲಸ ಕೊಟ್ಟವರ ಸ್ಪಾನ್ಸರ್‌ಶಿಪ್‌ಗೆ ಕಟ್ಟಿ ಹಾಕಿದ್ದು. ಸ್ಪಾನ್ಸರ್‌ಶಿಪ್ ನಿಂತರೆ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಂ ಆಫೀಸಿನಿಂದ ಪತ್ರ ಬರುತ್ತದೆ, ಸಾಮಾನ್ಯವಾಗಿ 60 ದಿನ ಗಡುವು. ಸಂಬಳವಿಲ್ಲದ ರಜೆ ವರ್ಷಕ್ಕೆ 4 ವಾರ ದಾಟಿದರೆ ಸ್ಪಾನ್ಸರ್‌ಶಿಪ್ ನಿಲ್ಲಿಸಬೇಕು ಅಂತ ನಿಯಮವಿದೆ. ಇಷ್ಟನ್ನು ಎಲ್ಲರೂ ಕೇಳಿರುತ್ತಾರೆ. ಆ ನಿಯಮಕ್ಕೆ ಇರುವ ವಿನಾಯಿತಿಗಳಲ್ಲಿ ಕಾಯಿಲೆ ರಜೆಯೂ ಒಂದು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಾಯಿಲೆ ಬಿದ್ದಿದ್ದಕ್ಕೇ ವೀಸಾ ಹೋಗುವುದಿಲ್ಲ. ಇದರ ಮೇಲೆ 2010ರ ಸಮಾನತೆ ಕಾಯ್ದೆ ಇದೆ. ಅದರ ಪ್ರಕಾರ ಕ್ಯಾನ್ಸರ್ ಅಂತ ಪತ್ತೆಯಾದ ದಿನದಿಂದಲೇ ಆ ವ್ಯಕ್ತಿಗೆ ಅಂಗವಿಕಲರಿಗೆ ಇರುವ ರಕ್ಷಣೆ ಸಿಗುತ್ತದೆ. ಪಾಳಿ ಬದಲಿಸಿಕೊಡಿ, ಭಾರ ಎತ್ತುವ ಕೆಲಸ ಬೇಡ ಅಂತ ಕೇಳುವುದು ಹಕ್ಕು. ಆದರೆ ಹೇಳದೇ ಇದ್ದರೆ ಯಾವ ಕಾನೂನೂ ಕೆಲಸಕ್ಕೆ ಬರುವುದಿಲ್ಲ, ಅಲ್ವಾ?

ಈ ಸಿಸ್ಟರ್ ಬಾಯಿಬಿಟ್ಟಿದ್ದು ವಾರ್ಡಿನಲ್ಲಿ ಕುಸಿದು ಬಿದ್ದ ಮೇಲೆ. ಅಷ್ಟರಲ್ಲಿ ಮೈಯಲ್ಲಿ ಇದ್ದ ಶಕ್ತಿಯೆಲ್ಲ ಪಾಳಿಗಳಿಗೆ ಖರ್ಚಾಗಿತ್ತು. ಮಗಳ ಜೊತೆ ಕಳೆಯಬೇಕಾಗಿದ್ದ ಒಳ್ಳೆಯ ದಿನಗಳನ್ನು ಅವರು ಬೇರೆಯವರ ಹಾಸಿಗೆ ಬದಲಿಸುತ್ತಾ ಕಳೆದರು. ಅದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಹಣದ ಮಾತು ಸ್ವಲ್ಪ ವಿವರವಾಗಿ ಆಡಬೇಕು. ಕಾಯಿಲೆ ಬಿದ್ದ ಮನೆಯಲ್ಲಿ ಯಾರಿಗೂ ನಿಯಮ ಓದುವ ತ್ರಾಣ ಇರುವುದಿಲ್ಲ. ಅವರ ಪರವಾಗಿ ನಾವು ಓದಿರಬೇಕು.

ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಕೆಲಸದಲ್ಲಿದ್ದರೆ ಮೊದಲ ವರ್ಷದಲ್ಲೇ ಒಂದು ತಿಂಗಳು ಪೂರ್ತಿ ಸಂಬಳ, ಎರಡು ತಿಂಗಳು ಅರ್ಧ ಸಂಬಳದ ಕಾಯಿಲೆ ರಜೆ ಇದೆ. ಸೇವೆ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಐದು ವರ್ಷ ದಾಟಿದವರಿಗೆ ಆರು ತಿಂಗಳು ಪೂರ್ತಿ, ಆರು ತಿಂಗಳು ಅರ್ಧ. ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ಇರುವವರ ಪಾಡು ಬೇರೆ. ಬಹಳ ಕಡೆ ಕಾನೂನು ಹೇಳುವ ಕನಿಷ್ಠ ಮೊತ್ತ ಮಾತ್ರ. 2025ರ ಏಪ್ರಿಲ್‌ನಿಂದ ಒಂದು ವರ್ಷ ಅದು ವಾರಕ್ಕೆ 118.75 ಪೌಂಡ್ ಇತ್ತು, ಅದೂ 28 ವಾರಗಳವರೆಗೆ. ಇದರಲ್ಲಿ ಬಾಡಿಗೆ ಕಟ್ಟುವುದು ಸಾಧ್ಯವೇ ಇಲ್ಲ. ನಮ್ಮ ಸಹಾಯ ಮೊದಲು ಹೋಗಬೇಕಾದ್ದು ಇವರ ಮನೆಗೆ.

ನಮ್ಮ ವೀಸಾದಲ್ಲಿ ಸರ್ಕಾರದ ನಿಧಿ ಪಡೆಯುವಂತಿಲ್ಲ ಅನ್ನುವ ಷರತ್ತು ಇರುತ್ತದೆ. ಅದನ್ನು ಓದಿ ನಮ್ಮವರು ಎಲ್ಲಕ್ಕೂ ಕೈಚೆಲ್ಲಿ ಕೂರುತ್ತಾರೆ. ಯೂನಿವರ್ಸಲ್ ಕ್ರೆಡಿಟ್ ಅನ್ನುವ ಕಡಿಮೆ ಆದಾಯದವರ ಭತ್ಯೆ, ಅಂಗವಿಕಲರ ಭತ್ಯೆ, ಮನೆ ಬಾಡಿಗೆ ನೆರವು ಸಿಗುವುದಿಲ್ಲ ನಿಜ. ಆದರೆ ಎನ್‌ಎಚ್‌ಎಸ್ ಚಿಕಿತ್ಸೆ ಆ ಪಟ್ಟಿಯಲ್ಲಿ ಇಲ್ಲ. ಹಾಸ್ಪೈಸ್‌ಗೆ ದುಡ್ಡು ಕೊಡಬೇಕಿಲ್ಲ. ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ರೋಗಿಗಳು ವಿನಾಯಿತಿ ಪತ್ರ ಮಾಡಿಸಿಕೊಂಡರೆ ಔಷಧಿಗೂ ದುಡ್ಡಿಲ್ಲ. ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಅಂತ ಕಟ್ ಆಗುತ್ತದಲ್ಲ, ಅದರ ಲೆಕ್ಕದ ಮೇಲೆ ಸಿಗುವ ಭತ್ಯೆಗಳಿಗೂ ಈ ಷರತ್ತು ತಾಗುವುದಿಲ್ಲ. ಕೆಲಸ ಮಾಡಲಾಗದವರಿಗೆ ಸಿಗುವ ನ್ಯೂ ಸ್ಟೈಲ್ ಇಎಸ್‌ಎ ಅಂಥದ್ದು. ಗಂಡನೋ ಹೆಂಡತಿಯೋ ತೀರಿಕೊಂಡವರಿಗೆ ಸಿಗುವ ಭತ್ಯೆಯೂ ಅಂಥದ್ದೇ. ಮಕ್ಕಳಿದ್ದರೆ ಮೊದಲು 3,500 ಪೌಂಡ್, ಆಮೇಲೆ ತಿಂಗಳಿಗೆ 350 ಪೌಂಡಿನಂತೆ 18 ಕಂತು. ಪೂರ್ತಿ ಸಿಗಬೇಕಾದರೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ನಮಗೆ ಇದೆಲ್ಲ ಇಲ್ಲ ಅಂದುಕೊಂಡು ಅರ್ಜಿಯನ್ನೇ ಹಾಕದ ಗಂಡಂದಿರನ್ನು ನಾನು ನೋಡಿದ್ದೇನೆ.

ಇನ್ನು ಪೆನ್ಷನ್. ಇಲ್ಲಿ ಕೂತಿರುವ ಹುಡುಗ ಹುಡುಗಿಯರೇ, ಕಿವಿಗೊಟ್ಟು ಕೇಳಿ. ಕೈಗೆ ಬರುವ ಸಂಬಳ ಜಾಸ್ತಿಯಾಗಲಿ ಅಂತ ಎನ್‌ಎಚ್‌ಎಸ್ ಪೆನ್ಷನ್ ಬೇಡ ಅಂತ ಬರೆದುಕೊಟ್ಟವರು ನಿಮ್ಮಲ್ಲಿ ಇದ್ದೀರಿ. ಊರಿನ ಸಾಲ, ಏಜೆಂಟಿನ ಸಾಲ, ತಂಗಿಯ ಮದುವೆ, ಎಲ್ಲ ನನಗೆ ಗೊತ್ತು. ಆದರೆ ಆ ಪೆನ್ಷನ್‌ನಲ್ಲಿ ಮುದಿತನದ ಹಣ ಮಾತ್ರ ಇರುವುದಲ್ಲ. ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಸುಮಾರು ಎರಡು ವರ್ಷದ ಸಂಬಳದಷ್ಟು ಹಣ ಮನೆಯವರಿಗೆ ಬರುತ್ತದೆ. ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಪೆನ್ಷನ್ ಇದೆ. ಎರಡು ವರ್ಷ ಕಟ್ಟಿದ್ದರೆ ಕಾಯಿಲೆಯ ಕಾರಣಕ್ಕೆ ಬೇಗ ನಿವೃತ್ತಿ ಕೇಳಬಹುದು. ಬದುಕು ಒಂದು ವರ್ಷಕ್ಕಿಂತ ಕಡಿಮೆ ಅಂತ ವೈದ್ಯರು ಬರೆದುಕೊಟ್ಟರೆ ಪೆನ್ಷನ್ ಬದಲು ಒಟ್ಟಿಗೆ ಹಣ ಪಡೆಯುವ ದಾರಿಯೂ ಇದೆ. ಬೇಡ ಅಂದವರಿಗೆ ಇದು ಯಾವುದೂ ಇಲ್ಲ. ನಾಳೆಯೇ ಹೋಗಿ ಮತ್ತೆ ಸೇರಿಕೊಳ್ಳಿ. ಯಾರ ಹೆಸರಿಗೆ ಹಣ ಹೋಗಬೇಕು ಅನ್ನುವ ಫಾರ್ಮನ್ನೂ ತುಂಬಿ.

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು. ಕಾಯಿಲೆ ಕೈಮೀರಿದೆ ಅಂತ ಗೊತ್ತಾದ ತಕ್ಷಣ ರಾಜೀನಾಮೆ ಬರೆದು ಊರಿಗೆ ಹೊರಡಬೇಡಿ. ರಾಜೀನಾಮೆ ಕೊಟ್ಟ ದಿನ ಕಾಯಿಲೆ ರಜೆಯ ಸಂಬಳ ಹೋಯಿತು, ಕೆಲಸದಲ್ಲಿದ್ದಾಗ ತೀರಿಕೊಂಡರೆ ಅನ್ನುವ ಲೆಕ್ಕವೂ ಹೋಯಿತು. ಮೊದಲು ಯೂನಿಯನ್‌ನವರ ಹತ್ತಿರ ಕೂತು ಮಾತಾಡಿ. ನರ್ಸ್‌ಗಳ ಯೂನಿಯನ್ ಆದ ಆರ್‌ಸಿಎನ್‌ನ ಸದಸ್ಯರಿಗೆ ಕೆಲಸದ ವಿಷಯ, ವೀಸಾ ವಿಷಯ ಎರಡಕ್ಕೂ ಸಲಹೆ ಸಿಗುತ್ತದೆ. ಆರ್‌ಸಿಎನ್ ಫೌಂಡೇಷನ್ ಇದೆ, ಕ್ಯಾವೆಲ್ ಅನ್ನುವ ಸಂಸ್ಥೆ ಇದೆ. ಕಷ್ಟದಲ್ಲಿರುವ ನರ್ಸ್‌ಗಳಿಗೆ ಹಣ ಸಹಾಯ ಮಾಡುವ ಸಂಸ್ಥೆಗಳು. ಮ್ಯಾಕ್‌ಮಿಲನ್ ಅನ್ನುವ ಕ್ಯಾನ್ಸರ್ ಸೇವಾ ಸಂಸ್ಥೆಯವರು ಕ್ಯಾನ್ಸರ್ ರೋಗಿಗಳ ಹಣದ ಚಿಂತೆಗೆ ಅಂತಲೇ ಸಲಹೆಗಾರರನ್ನು ಇಟ್ಟಿದ್ದಾರೆ. ಇವರನ್ನೆಲ್ಲ ಕೇಳುವುದು ಭಿಕ್ಷೆ ಅಲ್ಲ. ವಾರ್ಡಿನಲ್ಲಿ ನಮ್ಮ ರೋಗಿಗಳಿಗೆ ಇದೇ ನಂಬರುಗಳನ್ನು ಬರೆದುಕೊಡುವವರು ನಾವೇ ಅಲ್ವಾ?

ಈಗ ಹಣ ಬಿಟ್ಟು ನೋವಿನ ವಿಷಯಕ್ಕೆ ಬರುತ್ತೇನೆ. ನರ್ಸ್ ರೋಗಿಯಾದಾಗ ಒಂದು ವಿಚಿತ್ರ ಕಷ್ಟ ಇದೆ. ಅವರಿಗೆ ಎಲ್ಲ ಗೊತ್ತು. ಸ್ಕ್ಯಾನ್ ರಿಪೋರ್ಟನ್ನು ಡಾಕ್ಟರ್ ಹೇಳುವ ಮೊದಲೇ ಓದಿಕೊಂಡಿರುತ್ತಾರೆ. ಹಾಗಾಗಿ ಡಾಕ್ಟರೂ ಅವರ ಹತ್ತಿರ ಸಹೋದ್ಯೋಗಿಯ ಹಾಗೆ ಮಾತಾಡಿ ಹೋಗಿಬಿಡುತ್ತಾರೆ. ನಿಮಗೆ ಭಯ ಆಗ್ತಿದೆಯಾ ಅಂತ ಕೇಳುವವರೇ ಇರುವುದಿಲ್ಲ. ಎಲ್ಲ ಗೊತ್ತಿರುವವರಿಗೂ ಒಂದು ವಿಷಯದಲ್ಲಿ ತಪ್ಪು ನಂಬಿಕೆ ಇರುತ್ತದೆ. ಅದು ಮಾರ್ಫಿನ್.

ನಮ್ಮಲ್ಲಿ ಬಹಳ ಜನ ಊರಲ್ಲಿ ಓದುವಾಗ, ಕೆಲಸ ಮಾಡುವಾಗ ಮಾರ್ಫಿನ್ ನೋಡಿದ್ದೇ ಕಡಿಮೆ. 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡಿನಲ್ಲಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವ ಗೋಜಿಗೇ ಹೋಗಲಿಲ್ಲ. 2014ರ ತಿದ್ದುಪಡಿಯ ನಂತರ ನಿಯಮ ಸಡಿಲವಾಯಿತು. ಆದರೆ ಮಾರ್ಫಿನ್ ಕೊಟ್ಟರು ಅಂದರೆ ಮುಗೀತು ಅನ್ನುವ ಭಾವನೆ ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ. ಆ ಸಿಸ್ಟರ್ ಕೂಡ ಬೇಡ ಬೇಡ ಅಂತ ಹಲ್ಲು ಕಚ್ಚಿ ಮಲಗಿದ್ದರು. ಸರಿಯಾದ ಪ್ರಮಾಣದಲ್ಲಿ, ನೋವು ನೋಡಿಕೊಂಡು ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ನೋವು ಇಳಿದರೆ ಮನುಷ್ಯ ಎದ್ದು ಕೂರುತ್ತಾನೆ, ಎರಡು ತುತ್ತು ತಿನ್ನುತ್ತಾನೆ, ನಗುತ್ತಾನೆ. ಸಿಸ್ಟರ್ ಕೊನೆಗೆ ಒಪ್ಪಿದ ಮೇಲೆ ಸುಮಾರು ದಿನ ಮಗಳ ಜಡೆ ಅವರೇ ಹಾಕಿದರು.

ಹಾಸ್ಪೈಸ್ ತಂಡ ಅಂದರೆ ಹಾಸ್ಪೈಸ್ ಕಟ್ಟಡಕ್ಕೇ ಹೋಗಬೇಕು ಅಂತಿಲ್ಲ. ಅವರು ಮನೆಗೂ ಬರುತ್ತಾರೆ. ಸ್ಥಿತಿ ಬೇಗ ಹದಗೆಡುತ್ತಿದ್ದರೆ ಫಾಸ್ಟ್ ಟ್ರ್ಯಾಕ್ ಅಂತ ಒಂದು ವ್ಯವಸ್ಥೆ ಇದೆ. ಅದರಲ್ಲಿ ಎನ್‌ಎಚ್‌ಎಸ್ ಖರ್ಚಿನಲ್ಲೇ ಮನೆಗೆ ಆರೈಕೆಯವರು ಬರುತ್ತಾರೆ. ಮುಂದೆ ಬೇಕಾಗಬಹುದಾದ ಇಂಜೆಕ್ಷನ್‌ಗಳನ್ನು ಮೊದಲೇ ಮನೆಯಲ್ಲಿ ತಂದಿಡುತ್ತಾರೆ. ಮಧ್ಯರಾತ್ರಿ ಎ ಅಂಡ್ ಇ (ತುರ್ತು ಚಿಕಿತ್ಸಾ ವಿಭಾಗ) ಕಾರಿಡಾರಿನಲ್ಲಿ ಟ್ರಾಲಿ ಮೇಲೆ ಕಾಯುವ ಪಾಡು ತಪ್ಪುತ್ತದೆ. ಇದನ್ನೆಲ್ಲ ಕೊನೆ ವಾರಕ್ಕೆ ಬಿಡಬೇಡಿ. ಬೇಗ ಹಾಸ್ಪೈಸ್ ತಂಡದ ಪರಿಚಯ ಮಾಡಿಕೊಂಡವರು ಬೇಗ ಸಾಯುವುದಿಲ್ಲ. ಅವರು ಕಡಿಮೆ ನರಳುತ್ತಾರೆ.

ನಮ್ಮಂಥ ಸಮುದಾಯ ಏನು ಮಾಡಬಹುದು ಅನ್ನುವುದಕ್ಕೆ ದೂರ ನೋಡಬೇಕಿಲ್ಲ. ನಮ್ಮ ಪಕ್ಕದ ಕೇರಳ ಇದೆ. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರು ನೋವು ಶಮನಕ್ಕೆ ಅಂತ ಒಂದು ಸಂಘ ಶುರು ಮಾಡಿದರು. ಆಸ್ಪತ್ರೆಗೆ ಬರಲಾಗದವರ ಗತಿ ಏನು ಅನ್ನುವ ಪ್ರಶ್ನೆ ಎದ್ದಿತು. ಡಾ. ಸುರೇಶ್ ಕುಮಾರ್ ಮತ್ತು ಜೊತೆಗಾರರು ಮಲಪ್ಪುರಂ ಕಡೆ ಅಕ್ಕಪಕ್ಕದ ಮನೆಯವರನ್ನೇ ಸೇರಿಸಿ ಜಾಲ ಕಟ್ಟಿದರು. ಸೇರುವವರು ಕೊಡಬೇಕಾಗಿದ್ದು ಏನು ಗೊತ್ತಾ? ವಾರಕ್ಕೆ ಕನಿಷ್ಠ ಎರಡು ಗಂಟೆ. ಮೇಷ್ಟ್ರು, ಅಂಗಡಿಯವರು, ಕಾಲೇಜು ಹುಡುಗರು, ಗೃಹಿಣಿಯರು ತರಬೇತಿ ಪಡೆದು ತಮ್ಮ ಬೀದಿಯ ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೇ ಅಂತ ಒಂದು ನೀತಿ ತಂದಿತು. ಭಾರತದಲ್ಲಿ ಬೇರೆ ಯಾವ ರಾಜ್ಯವೂ ಅದಕ್ಕೆ ಮೊದಲು ತಂದಿರಲಿಲ್ಲ.

ಈ ದೇಶದಲ್ಲಿರುವ ಭಾರತೀಯ ನರ್ಸ್‌ಗಳಲ್ಲಿ ಎಷ್ಟೊಂದು ಜನ ಅದೇ ಕೇರಳದವರು. ಅವರ ಚರ್ಚು, ಅವರ ಸಂಘಗಳಿಂದ ನಾವು ಕಲಿಯುವುದು ಬಹಳ ಇದೆ. ಸಿಸ್ಟರ್ ಮನೆಗೆ ಮೊದಲು ಊಟ ಹೊತ್ತು ಬಂದವರೂ ವಾರ್ಡಿನ ಮಲಯಾಳಿ ಸಹೋದ್ಯೋಗಿಗಳೇ. ಆಮೇಲೆ ನಾವು ಸೇರಿಕೊಂಡೆವು. ಫಿಲಿಪೀನ್ಸಿನ ಹುಡುಗಿಯೊಬ್ಬಳು, ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಒಬ್ಬರು ಸೇರಿಕೊಂಡರು. ಜಾತಿ, ಭಾಷೆ, ಜಿಲ್ಲೆ ನೋಡಿ ಗುಂಪು ಕಟ್ಟುವ ಹೊತ್ತಲ್ಲ ಅದು.

ನಾವು ಮಾಡಿದ ಕೆಲಸಗಳು ಸಣ್ಣವು. ಮಗಳನ್ನು ಶಾಲೆಗೆ ಬಿಟ್ಟು ಕರೆತರುವ ಪಾಳಿ. ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವ ಪಾಳಿ. ರಾತ್ರಿ ಗಂಡನಿಗೆ ಮೂರು ಗಂಟೆ ನಿದ್ದೆ ಸಿಗಲಿ ಅಂತ ಒಬ್ಬರು ಹೋಗಿ ಕೂರುವುದು. ಊಟದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಪ್ರೀತಿಯೆಲ್ಲ ಬಿರಿಯಾನಿ, ಪಲಾವ್ ಆಗಿ ಹೋಗುತ್ತದೆ. ಕೀಮೋ ಆದವರಿಗೆ ಒಗ್ಗರಣೆ ವಾಸನೆಯೇ ವಾಂತಿ ತರಿಸುತ್ತದೆ. ಫೋನ್ ಮಾಡಿ ಕೇಳಿ. ಒಮ್ಮೆ ಬರೀ ತಿಳಿ ಗಂಜಿ, ಉಪ್ಪಿನಕಾಯಿ ರಸ ಬೇಕೆನಿಸುತ್ತದೆ. ಒಮ್ಮೆ ಏನೂ ಬೇಡ. ಊಟ ಬೇಡ ಅಂದರೆ ಒತ್ತಾಯ ಮಾಡಬೇಡಿ. ಕೊನೆಯ ಹಂತದಲ್ಲಿ ದೇಹಕ್ಕೇ ಅದು ಬೇಕಿರುವುದಿಲ್ಲ.

ಇನ್ನೊಂದು ಮಾತು ನರ್ಸ್‌ಗಳಿಗೆ ಮಾತ್ರ. ನೋಡಲು ಹೋದಾಗ ನೀವು ನರ್ಸ್ ಆಗಿ ಹೋಗಬೇಡಿ. ಔಷಧಿ ಚಾರ್ಟ್ ತಿರುವುವುದು, ಔಷಧಿಯನ್ನು ನಿಧಾನವಾಗಿ ಮೈಗೆ ಬಿಡುವ ಸಿರಿಂಜ್ ಡ್ರೈವರ್ ಯಂತ್ರ ಮುಟ್ಟುವುದು, ಈ ಡೋಸ್ ಯಾಕೆ ಅಂತ ಕೇಳುವುದು ಬೇಡ. ಅದಕ್ಕೆ ಬರುವವರು ಬರುತ್ತಾರೆ. ಆ ರೋಗಿ ನಿಮ್ಮದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ ಕಂಪ್ಯೂಟರಿನಲ್ಲಿ ಅವರ ಫೈಲ್ ತೆಗೆದು ನೋಡಬೇಡಿ. ಪ್ರೀತಿಯಿಂದ ನೋಡಿದರೂ ಅದು ತಪ್ಪೇ. ನಿಮ್ಮ ನೋಂದಣಿಗೇ ಕುತ್ತು ಬರಬಹುದು. ನೀವು ಅವರ ಜೊತೆ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಬಹುದು. ಇಂಗ್ಲಿಷ್ ನರ್ಸ್ ಎಷ್ಟು ಒಳ್ಳೆಯವಳಾದರೂ ಅವಳಿಂದ ಅದು ಆಗದು. ಬಳಲಿದ ಮನುಷ್ಯನಿಗೆ ಎರಡನೇ ಭಾಷೆಯಲ್ಲಿ ವಾಕ್ಯ ಜೋಡಿಸುವುದೇ ದೊಡ್ಡ ಕೆಲಸ.

ಫೋಟೋ, ಫಾರ್ವರ್ಡ್ ಬಗ್ಗೆ ಸಿಟ್ಟಿನಿಂದಲೇ ಹೇಳುತ್ತೇನೆ. ಸಿಸ್ಟರ್‌ಗೆ ಹಣ ಸೇರಿಸಲು ಯಾರೋ ಒಂದು ಪೋಸ್ಟ್ ಮಾಡಿದರು. ಕೂದಲು ಉದುರಿದ ಫೋಟೋ, ಕಾಯಿಲೆಯ ಹೆಸರು, ಇಷ್ಟೇ ತಿಂಗಳು ಅನ್ನುವ ಮಾತು ಎಲ್ಲ ಇತ್ತು. ಅವರನ್ನು ಒಂದು ಮಾತು ಕೇಳಿರಲಿಲ್ಲ. ಅದು ಗುಂಪಿನಿಂದ ಗುಂಪಿಗೆ ಹಾರಿ ಊರಿನಲ್ಲಿದ್ದ ಅವರ ಅಮ್ಮನ ಫೋನಿಗೆ ಹೋಯಿತು. ಮಗಳಿಗೆ ಏನಾಗಿದೆ ಅಂತ ಆ ತಾಯಿಗೆ ಗೊತ್ತಾಗಿದ್ದು ಹಾಗೆ. ಮಾಡಿದವರ ಮನಸ್ಸು ಕೆಟ್ಟದ್ದಲ್ಲ. ಆದರೆ ಮಗಳು ಅಮ್ಮನಿಗೆ ಹೇಗೆ ಹೇಳಬೇಕು, ಯಾವಾಗ ಹೇಳಬೇಕು ಅಂತ ಯೋಚಿಸಿಟ್ಟುಕೊಂಡಿದ್ದಳು. ಅದನ್ನು ಅವಳಿಂದ ಕಿತ್ತುಕೊಂಡ ಹಾಗಾಯಿತು. ಹಣ ಸೇರಿಸಿ, ಖಂಡಿತ ಸೇರಿಸಿ. ಏನು ಬರೆಯಬೇಕು ಅಂತ ಅವರೇ ಹೇಳಲಿ. ಲೆಕ್ಕ ಇಬ್ಬರ ಕೈಯಲ್ಲಿ ಇರಲಿ. ಅದರ ಜೊತೆಗೆ ಪಪ್ಪಾಯಿ ಎಲೆ ರಸ, ಗೋಮೂತ್ರ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹೋಗುತ್ತದೆ ಅನ್ನುವ ವಿಡಿಯೋಗಳನ್ನು ದಯವಿಟ್ಟು ಕಳಿಸಬೇಡಿ.

ಊರಿಗೆ ಹೋಗಬೇಕು ಅನ್ನುವ ಆಸೆ ಬಹಳ ಜನಕ್ಕೆ ಇರುತ್ತದೆ. ನಾವು ಅದನ್ನು ಮುಂದೂಡುತ್ತಾ ಹೋಗುತ್ತೇವೆ. ಇನ್ನೊಂದು ಕೀಮೋ ಆಗಲಿ, ಸ್ವಲ್ಪ ಸುಧಾರಿಸಲಿ ಅಂತ. ಹಾಗೆ ಕಾಯುತ್ತಾ ವಿಮಾನ ಹತ್ತುವ ಶಕ್ತಿಯೇ ಹೋಗಿರುತ್ತದೆ. ಇನ್ನೂ ಸಮಯ ಇದೆ ಅಂತ ಡಾಕ್ಟರ್ ಅನ್ನುವಾಗಲೇ ಹೋಗಬೇಕು. ಪ್ರಯಾಣ ಮಾಡಬಹುದು ಅನ್ನುವ ವೈದ್ಯರ ಪತ್ರ, ವಿಮಾನ ಸಂಸ್ಥೆಯ ಫಾರ್ಮ್, ಜೊತೆಗೆ ಒಯ್ಯುವ ಮಾರ್ಫಿನ್‌ಗೆ ಬೇರೆ ಪತ್ರ ಬೇಕು. ಊರಲ್ಲಿ ನೋಡಿಕೊಳ್ಳುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಸಿಸ್ಟರ್ ಇಲ್ಲೇ ಇರುತ್ತೇನೆ ಅಂದರು, ಮಗಳ ಶಾಲೆ ಬಿಡಿಸುವುದು ಬೇಡ ಅಂತ. ಹಾಗಾಗಿ ನಾವು ಅವರ ಅಮ್ಮನನ್ನು ಕರೆಸಿದೆವು. ವೈದ್ಯರಿಂದ ಪರಿಸ್ಥಿತಿ ವಿವರಿಸುವ ಪತ್ರ ಬರೆಸಿ, ವಿಸಿಟರ್ ವೀಸಾಗೆ ಬೇಗ ತೀರ್ಮಾನ ಕೊಡುವ ಸೇವೆಯಲ್ಲಿ ಅರ್ಜಿ ಹಾಕಿದ್ದು ಕೆಲಸಕ್ಕೆ ಬಂತು. ಅಮ್ಮ ಬಂದಾಗ ಮಗಳಿಗೆ ಎಚ್ಚರ ಇತ್ತು, ಮಾತಿತ್ತು. ನಾವು ಮಾಡಿದ ಎಲ್ಲ ಕೆಲಸಗಳಲ್ಲಿ ಅದೇ ದೊಡ್ಡದು ಅಂತ ನನ್ನ ಅನಿಸಿಕೆ.

ಆಮೇಲೆ ಸಭಿಕರ ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು: ವೀಸಾ ಇರುವುದು ನರ್ಸ್ ಹೆಸರಿನಲ್ಲಿ. ಅವರು ತೀರಿಕೊಂಡರೆ ಗಂಡ, ಮಕ್ಕಳ ಗತಿ ಏನು?

ಇದು ಎಲ್ಲಕ್ಕಿಂತ ಕ್ರೂರವಾದ ಭಾಗ. 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡ ಹೊರದೇಶದ ಆರೋಗ್ಯ ಸಿಬ್ಬಂದಿಯ ಮನೆಯವರಿಗೆ ಇಲ್ಲೇ ಶಾಶ್ವತವಾಗಿ ಇರಲು ಸರ್ಕಾರ ಅನುಮತಿ ಕೊಟ್ಟಿತು. ಮೊದಲು ಡಾಕ್ಟರ್, ನರ್ಸ್‌ಗಳ ಮನೆಯವರಿಗೆ ಮಾತ್ರ ಇತ್ತು. ಜನ ದನಿ ಎತ್ತಿದ ಮೇಲೆ ಮೇ ತಿಂಗಳಲ್ಲಿ ಆಸ್ಪತ್ರೆ ಗುಡಿಸುವವರ, ಕೇರ್ ಹೋಮ್ ಕೆಲಸಗಾರರ ಮನೆಯವರಿಗೂ ವಿಸ್ತರಿಸಿದರು. ಕ್ಯಾನ್ಸರ್‌ನಿಂದ ತೀರಿಕೊಂಡವರಿಗೆ ಅಂಥ ವ್ಯವಸ್ಥೆ ಇಲ್ಲ. ಅದೇ ವಾರ್ಡ್, ಅದೇ ದುಡಿಮೆ, ಆದರೂ ಇಲ್ಲ. ಇದನ್ನು ಬದಲಿಸಿ ಅಂತ ನಮ್ಮ ನಮ್ಮ ಎಂಪಿಗಳಿಗೆ ಪತ್ರ ಬರೆಯಬೇಕು. ಅದು ಆಗುವವರೆಗೆ ಮನೆಯವರು ಮಾಡಬೇಕಾದ್ದು, ಸಾವಿಗೆ ಮೊದಲೇ ವಕೀಲರನ್ನು ಕಾಣುವುದು. ಗಂಡನಿಗೆ ತನ್ನದೇ ಕೆಲಸದ ಮೇಲೆ ವೀಸಾ ಸಿಗುತ್ತದಾ, ಮಕ್ಕಳು ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಎಲ್ಲ ನೋಡಬೇಕಾಗುತ್ತದೆ. ವಾಟ್ಸಾಪ್‌ನಲ್ಲಿ ಸಲಹೆ ಕೊಡುವವರನ್ನು ನಂಬಬೇಡಿ. ಇಲ್ಲಿ ನೋಂದಣಿ ಇಲ್ಲದೆ ವೀಸಾ ಸಲಹೆ ಕೊಡುವುದೇ ಅಪರಾಧ.

ಒಬ್ಬ ತಾಯಿ ಕೇಳಿದರು: ಚಿಕ್ಕ ಮಕ್ಕಳಿಗೆ ಹೇಳಬೇಕಾ?

ಹೇಳಬೇಕು. ನಿಜವನ್ನೇ ಹೇಳಬೇಕು, ಅವರಿಗೆ ಅರ್ಥವಾಗುವಷ್ಟು. ಅಮ್ಮ ಊರಿಗೆ ಹೋಗಿದ್ದಾಳೆ, ಮಲಗಿದ್ದಾಳೆ ಅಂದರೆ ಮಗು ಕಾಯುತ್ತಾ ಕೂರುತ್ತದೆ. ಇಲ್ಲವೇ ಮಲಗಲು ಹೆದರುತ್ತದೆ. ಸುಮಾರು ಹಾಸ್ಪೈಸ್‌ಗಳಲ್ಲಿ ಮಕ್ಕಳ ಜೊತೆ ಮಾತಾಡಲು ಅಂತಲೇ ಜನ ಇದ್ದಾರೆ. ಶಾಲೆಯ ಟೀಚರಿಗೂ ತಿಳಿಸಿ.

ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ನಾನು ನರ್ಸ್ ಅಲ್ಲ, ಐಟಿ ಕೆಲಸ. ರೋಗಿ ಹತ್ತಿರ ಏನು ಮಾತಾಡಬೇಕು ಅಂತಾನೂ ಗೊತ್ತಿಲ್ಲ. ನನ್ನಿಂದ ಏನಾಗತ್ತೆ?"

ನಿಮ್ಮಿಂದ ಬಹಳ ಆಗುತ್ತದೆ. ಪೆನ್ಷನ್ ಫಾರ್ಮ್, ವೀಸಾ ಅರ್ಜಿ, ಬ್ಯಾಂಕ್ ಪತ್ರ ಇವೆಲ್ಲ ಆನ್‌ಲೈನ್ ಕೆಲಸ. ಗಂಡನ ಪಕ್ಕ ಕೂತು ಒಂದೊಂದಾಗಿ ತುಂಬಿಸಿಕೊಡಿ. ಕಸದ ಬಿನ್ ಹೊರಗಿಡಿ. ಮಗುವನ್ನು ಈಜಿಗೆ ಕರೆದುಕೊಂಡು ಹೋಗಿ. ರೋಗಿ ಹತ್ತಿರ ಏನೂ ಮಾತಾಡಬೇಕಿಲ್ಲ, ಸುಮ್ನೆ ಕೂತು ಕ್ರಿಕೆಟ್ ನೋಡಿದರೂ ಆಯಿತು. ಹೊರಗೆ ಮೇಜಿನ ಮೇಲೆ ಒಂದು ಪಟ್ಟಿ ಇಟ್ಟಿದ್ದೇವೆ. ಹೆಸರು, ಪೋಸ್ಟ್‌ಕೋಡ್, ವಾರದಲ್ಲಿ ಯಾವ ಎರಡು ಗಂಟೆ ಬಿಡುವು, ಕಾರು ಇದೆಯಾ ಇಲ್ವಾ, ಇಷ್ಟು ಬರೆದು ಹೋಗಿ. ಈಗಲೂ ನಾವಿರುವ ಈ ಊರಿನಲ್ಲಿ ಎರಡು ಮನೆಯವರು ನಮ್ಮ ಸಹಾಯಕ್ಕೆ ಕಾಯುತ್ತಿದ್ದಾರೆ. ಒಂದು ಮನೆಗೆ ಸೋಮವಾರದಿಂದಲೇ ಶಾಲೆಯ ಪಾಳಿಗೆ ಜನ ಬೇಕು.